ಒಂದು ಗೇಣು ದಾರ

ಪುಟ್ಟಿ,

ನಾನು ನಿನ್ನಲ್ಲಿಗೆ ಬರೋ ಟಿಕೆಟ್ ಬುಕ್ ಮಾಡುವ ಮುಂಚೆ ಇದನ್ನು ಓದು. ಫೋನಲ್ಲಿ ಹೇಳಿದರೆ "ಆಯ್ತಮ್ಮ, ನೋಡ್ತೀನಿ" ಅಂತ ಮಾತು ಮುಗಿಸಿಬಿಡ್ತೀಯ, ಅದಕ್ಕೇ ಬರೀತಿದ್ದೇನೆ.

ಮೊನ್ನೆ ಅಟ್ಟದಿಂದ ನಿನ್ನ ಹೈಸ್ಕೂಲಿನ ಗ್ಲೋಬ್ ಇಳಿಸಿದೆ. ಧೂಳು ಒರೆಸಿ, ಹೊಲಿಗೆ ಡಬ್ಬಿಯಿಂದ ಕೆಂಪು ದಾರ, ಟೇಪು ತಗೊಂಡು ಕೂತೆ. ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಲ್ಲಿ ಒತ್ತಿ ಹಿಡಿದು ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಎಳೆದೆ. ಬಿಗಿ ಮಾಡಿದ ಹಾಗೆಲ್ಲ ದಾರ ತಾನಾಗೇ ಮೇಲಕ್ಕೆ ಜಾರಿತು. ಚೀನಾ, ಸೈಬೀರಿಯಾ, ಅಲಾಸ್ಕಾ, ಅಲ್ಲಿಂದ ಕೆಳಗೆ ನಿಮ್ಮೂರು! ಅಮೆರಿಕ ಅಂದರೆ ಪಶ್ಚಿಮಕ್ಕೆ ಅಂತಲೇ ಇಷ್ಟು ದಿನ ಅಂದುಕೊಂಡಿದ್ದೆ. 2021ರ ಜನವರಿಯಲ್ಲಿ ನಿಮ್ಮಲ್ಲಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲೆ ಹಾದು ಬಂತಲ್ಲ, ಓಡಿಸಿದವರೆಲ್ಲ ಹೆಂಗಸರೇ, ಟಿವಿಯಲ್ಲಿ ನೋಡಿದ್ದೆ. ಆಗ ಸುಮ್ನೆ ಸಾಹಸಕ್ಕೆ ಆ ಕಡೆ ಹೋದರೇನೋ ಅನಿಸಿತ್ತು. ಆ ಕಡೆಯೇ ಹತ್ತಿರ ಅಂತ ಈಗ ದಾರ ತೋರಿಸಿತು.

ದಾರ ಅಳೆದರೆ 22 ಸೆಂಟಿಮೀಟರ್, ನನ್ನ ಕೈಯಲ್ಲಿ ಸರಿಯಾಗಿ ಒಂದು ಗೇಣು. ಗ್ಲೋಬ್ ಸುತ್ತಳತೆ 63. ಭೂಮಿಯ ಸುತ್ತಳತೆ 40,000 ಕಿ.ಮೀ. ಅಂತ ಇಟ್ಟುಕೊಂಡರೆ ಹತ್ತಿರ ಹತ್ತಿರ 14,000 ಕಿ.ಮೀ. ನಿಮ್ಮಪ್ಪ ಮೊಬೈಲಲ್ಲಿ ನೋಡಿ ಸರಿ ಇದೆ ಅಂದರು. ರವಿಕೆ ಅಳತೆ ತೆಗೆಯೋಳಿಗೆ ಇದೇನು ಮಹಾ, ಅಲ್ವಾ?

ಈಗ ವಿಷಯಕ್ಕೆ ಬರ್ತೀನಿ. ನೀನು ಮತ್ತೆ ದುಬೈ ಮೇಲೇ ಬಾ ಅಂತೀಯ, ಮಧ್ಯೆ ಇಳಿಯೋಕೆ ಸಿಗುತ್ತೆ ಅಂತೀಯ. ಎಲ್ಲಿ ಮಧ್ಯೆ? ಬೆಂಗಳೂರಿಂದ ದುಬೈಗೆ ನಾಲ್ಕು ಗಂಟೆ, ಮೈ ದಣಿಯೋ ಮೊದಲೇ ಇಳಿಸ್ತಾರೆ, ಆಮೇಲೆ 16 ಗಂಟೆ ಒಂದೇ ಸಮ ಕೂರಬೇಕು. ಹೋದ ಸಲ ಕಾಲು ಎಷ್ಟು ಊದಿತ್ತು ಅಂದರೆ ಚಪ್ಪಲಿಯೊಳಗೆ ಹೋಗಲೇ ಇಲ್ಲ, ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಇಮಿಗ್ರೇಷನ್ ಸಾಲಲ್ಲಿ ನಿಂತಿದ್ದೆ. ನಿನಗೆ ಹೇಳಿರಲಿಲ್ಲ.

ಅದಕ್ಕೆ ದಾರವನ್ನು ಫ್ರಾಂಕ್‌ಫರ್ಟ್ ಮೇಲೆ ಹಾಯಿಸಿ ನೋಡಿದೆ. ಒಟ್ಟು 16,500 ಕಿ.ಮೀ., ಅಂದರೆ ನೇರ ದಾರಿಗಿಂತ 2,500 ಜಾಸ್ತಿ. ಆದರೆ ಅಲ್ಲಿವರೆಗೆ ಹತ್ತು ಗಂಟೆ, ಅಲ್ಲಿಂದ ಮುಂದೆ ಹನ್ನೊಂದೂವರೆ. ನಡುವೆ ಮೂರು ಗಂಟೆ ಕಾಲು ಚಾಚಬಹುದು, ಓಡಾಡಬಹುದು. ಹಾಸನದಿಂದ ದೇವನಹಳ್ಳಿಗೆ ಹೋಗೋದಕ್ಕೇ ಐದು ಗಂಟೆ, ಅಲ್ಲಿ ಮತ್ತೆ ಮೂರು ಗಂಟೆ ಮುಂಚೆ ಇರಬೇಕು, ಇಷ್ಟರ ಮೇಲೆ ಇನ್ನೊಂದೆರಡು ಗಂಟೆ ಹೆಚ್ಚಾದರೆ ನನಗೇನೂ ಇಲ್ಲ. ಬಾಣಂತನಕ್ಕೆ ಬರೋಳು ಬಂದ ದಿನವೇ ಕಾಲು ಹಿಡಿದು ಮಲಗಿದರೆ ನಿನಗೆ ಎಣ್ಣೆ ಹಚ್ಚಿ ನೀರೆರೆಯೋರು ಯಾರು?

ಇನ್ನೊಂದು. ನವೆಂಬರಲ್ಲಿ ನಿಮ್ಮ ಗಡಿಯಾರ ಒಂದು ಗಂಟೆ ಹಿಂದೆ ಹೋಗೋದನ್ನು ಮರೆತು ಎಂದಿನಂತೆ ಸಂಜೆ ಆರೂವರೆಗೆ ಫೋನ್ ಮಾಡಿ ನಿನ್ನನ್ನು ಬೆಳಗಿನ ಐದಕ್ಕೆ ಎಬ್ಬಿಸಿದ್ದೆ. ಈಗ ಕ್ಯಾಲೆಂಡರಲ್ಲಿ ಬರೆದಿಟ್ಟಿದ್ದೇನೆ: ಚಳಿಗಾಲಕ್ಕೆ ಹದಿಮೂರೂವರೆ ಗಂಟೆ, ಬೇಸಿಗೆಗೆ ಹನ್ನೆರಡೂವರೆ.

ವಾಪಸ್ ಟಿಕೆಟ್ ಈಗಲೇ ಬೇಡ, ಮಗುವಿಗೆ ಮೂರು ತಿಂಗಳಾಗಲಿ. ಸೀಟು ಮಾತ್ರ ಕಿಟಕಿ ಪಕ್ಕ ಹಾಕಬೇಡ, ಓಡಾಡೋ ದಾರಿ ಪಕ್ಕದ್ದೇ ನೋಡು.

ನಿನ್ನ ಅಮ್ಮ