ಸಣ್ಣ ಊರಿನ ಕೊಳಚೆ ನೀರಿಗೆ ನಗರದ ಯಂತ್ರ ಬೇಡ

ಮಾನ್ಯ ಸಂಪಾದಕರೇ,

ಸಣ್ಣ ಗ್ರಾಮೀಣ ಸಮುದಾಯಗಳ ಕೊಳಚೆ ನೀರಿನ ಸಂಸ್ಕರಣೆಯ ಪ್ರಸ್ತಾಪ ಬಂದಾಗಲೆಲ್ಲ ನಗರದ ಘಟಕವನ್ನೇ ಕಿರಿದುಗೊಳಿಸಿ ಹಳ್ಳಿಗೆ ತರುವ ಯೋಚನೆ ಮುಂದಾಗುತ್ತದೆ. ಇದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. 1914ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬ ಸಂಶೋಧಕರು ಪ್ರಕಟಿಸಿದ, ಕೊಳಚೆ ನೀರಿಗೆ ಗಾಳಿಯೂದಿ ಶುದ್ಧಗೊಳಿಸುವ ಆಕ್ಟಿವೇಟೆಡ್ ಸ್ಲಡ್ಜ್ ವಿಧಾನ ಇಂದಿಗೂ ದೊಡ್ಡ ನಗರಗಳ ಆಧಾರವಾಗಿದೆ, ನಿಜ. ಆದರೆ ಅದರಲ್ಲಿ ಕೊಳೆಯನ್ನು ತಿನ್ನುವ ಸೂಕ್ಷ್ಮಾಣುಜೀವಿಗಳು ಬದುಕಿರಬೇಕಾದರೆ ಗಾಳಿಯೂದುವ ಯಂತ್ರಗಳು ಹಗಲಿರುಳು ನಡೆಯಬೇಕು, ಅವುಗಳನ್ನು ಅರಿತು ನಡೆಸುವ ಸಿಬ್ಬಂದಿ ಅಲ್ಲಿಯೇ ಇರಬೇಕು. ಸಣ್ಣ ಊರಿನಲ್ಲಿ ಬೆಳಗ್ಗೆ ಮತ್ತು ಸಂಜೆ ಒಮ್ಮೆಲೇ ನುಗ್ಗುವ ನೀರು ರಾತ್ರಿ ಬಹುತೇಕ ನಿಂತೇಹೋಗುತ್ತದೆ. ಈ ಏರಿಳಿತವನ್ನೂ ದೀರ್ಘ ವಿದ್ಯುತ್ ಕಡಿತವನ್ನೂ ಅಂಥ ಪುಟ್ಟ ಘಟಕ ತಾಳಿಕೊಳ್ಳುವುದು ಕಷ್ಟ.

ಜಾಗವಿರುವ ಕಡೆ ಸಾಲುಹೊಂಡಗಳ ವ್ಯವಸ್ಥೆಯೇ ಮೇಲು. ಮೊದಲ ಆಳವಾದ ಹೊಂಡದಲ್ಲಿ ಘನಪದಾರ್ಥ ತಳಕ್ಕಿಳಿದು ಆಮ್ಲಜನಕವಿಲ್ಲದೆಯೇ ಕೊಳೆಯುತ್ತದೆ. ಒಂದೆರಡು ಮೀಟರ್ ಆಳದ ಮುಂದಿನ ಹೊಂಡದಲ್ಲಿ ಪಾಚಿ ಬಿಸಿಲಿನ ಬಲದಿಂದ ಆಮ್ಲಜನಕ ಕೊಡುತ್ತದೆ, ಬ್ಯಾಕ್ಟೀರಿಯಾ ಅದನ್ನು ಬಳಸಿ ಉಳಿದ ಕೊಳೆಯನ್ನು ಕರಗಿಸುತ್ತದೆ. ಕೊನೆಯ ಆಳವಿಲ್ಲದ ಹೊಂಡಗಳಲ್ಲಿ ಬಿಸಿಲು ಮತ್ತು ಕಾಲ ರೋಗಾಣುಗಳನ್ನು ಕೊಲ್ಲುತ್ತವೆ. ಜಂತುಹುಳುವಿನ ಮೊಟ್ಟೆಗಳು ಅಷ್ಟರಲ್ಲಿ ತಳ ಸೇರಿರುತ್ತವೆ. ನೆಲದ ಇಳಿಜಾರು ಅನುಕೂಲವಾಗಿದ್ದರೆ ಪಂಪೂ ಬೇಕಿಲ್ಲ. ಆದರೆ ಅಂತರ್ಜಲ ಮೇಲಿರುವಲ್ಲಿ ತಳಕ್ಕೆ ಜೇಡಿಮಣ್ಣು ಹಾಕಿ ಗಟ್ಟಿಮಾಡದೆ ಹೊಂಡ ತೋಡಬಾರದು.

ತೆರೆದ ಹೊಂಡ ಬೇಡವೆನಿಸಿದರೆ ಜಲ್ಲಿ ತುಂಬಿದ ತೊಟ್ಟಿಯಲ್ಲಿ ಜೊಂಡು, ಆಪಿನಂಥ ಸಸ್ಯಗಳನ್ನು ಬೆಳೆಸಿ, ನೀರನ್ನು ಜಲ್ಲಿಯ ಒಳಗೇ ನಿಧಾನವಾಗಿ ಹರಿಸಬಹುದು. ನೀರು ಮೇಲೆ ನಿಲ್ಲದ ಕಾರಣ ಇಲ್ಲಿ ಸೊಳ್ಳೆಯ ಕಾಟವಿಲ್ಲ ಎಂಬುದನ್ನು ಊರವರಿಗೆ ಒತ್ತಿ ಹೇಳಬೇಕು. ಮೊದಲೇ ಘನಪದಾರ್ಥವನ್ನು ತಂಗಿಸಿ ತೆಗೆಯದಿದ್ದರೆ ಮಾತ್ರ ಜಲ್ಲಿ ಕಟ್ಟಿಕೊಂಡು ತೊಟ್ಟಿ ಕೆಡುತ್ತದೆ.

ಸೆಪ್ಟಿಕ್ ಟ್ಯಾಂಕ್ ಇದ್ದರೆ ಸಾಕು ಎಂಬ ನಂಬಿಕೆ ನನ್ನನ್ನು ಹೆಚ್ಚು ಕಾಡುತ್ತದೆ. ಟ್ಯಾಂಕ್ ಮುಖ್ಯವಾಗಿ ಮಾಡುವುದು ಘನವನ್ನು ತಂಗಿಸುವ ಕೆಲಸ. ಅದರಿಂದ ಹೊರಬರುವ ನೀರಿನಲ್ಲಿ ರೋಗಾಣುಗಳೂ ಸಾಕಷ್ಟು ಕೊಳೆಯೂ ಉಳಿದಿರುತ್ತವೆ. ಆ ನೀರು ಮಣ್ಣಿಗಿಳಿದಾಗ ಅದರಲ್ಲಿರುವ ಸಾರಜನಕ ನೈಟ್ರೇಟ್ ಆಗಿ ಬಾವಿಯನ್ನು ತಲುಪಬಹುದು. ಕುಡಿಯುವ ನೀರಿನ ಲೀಟರಿಗೆ 50 ಮಿಲಿಗ್ರಾಂ ನೈಟ್ರೇಟ್ ಮಿತಿಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದು ಬಾಟಲಿ ಹಾಲು ಕುಡಿಯುವ ಎಳೆಗೂಸುಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಏಕೆಂದರೆ ಅದು ಅವುಗಳ ರಕ್ತ ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನೇ ಕುಗ್ಗಿಸುತ್ತದೆ. ನೀರನ್ನು ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟು ಅದರ ಸಾಂದ್ರತೆ ಹೆಚ್ಚುತ್ತದೆ.

ಇನ್ನು ಕೆಸರಿನ ವಿಷಯ. ಯಾವ ವಿಧಾನವಾದರೂ ತಳದಲ್ಲಿ ಕೆಸರು ಉಳಿದೇ ಉಳಿಯುತ್ತದೆ, ಯೋಜನಾ ವರದಿಗಳು ಇದರ ಬಗ್ಗೆಯೇ ಅತಿ ಕಡಿಮೆ ಮಾತಾಡುತ್ತವೆ. ಟ್ಯಾಂಕರ್ ಅದನ್ನು ಎತ್ತಿಕೊಂಡು ಹೋಗಿ ಹಳ್ಳದ ದಂಡೆಯಲ್ಲಿ ಸುರಿದರೆ ನಾವು ಮಾಡಿದ್ದೆಲ್ಲ ವ್ಯರ್ಥ. ಮರಳಿನ ಹಾಸಿನ ಮೇಲೆ ಒಣಗಿಸಿ, ಬಹುಕಾಲ ಇಟ್ಟು ರೋಗಾಣು ಸತ್ತ ಮೇಲೆಯೇ ಅದನ್ನು ಹೊಲಕ್ಕೆ ಬಳಸಬೇಕು. ಅದನ್ನು ತೆಗೆಯಲು ಮನುಷ್ಯರನ್ನು ಟ್ಯಾಂಕಿಗೆ ಇಳಿಸುವುದಂತೂ ಎಂದಿಗೂ ಕೂಡದು. ಒಳಗಿನ ಹೈಡ್ರೋಜನ್ ಸಲ್ಫೈಡ್ ಅನಿಲ ಕ್ಷಣಗಳಲ್ಲಿ ಪ್ರಾಣ ತೆಗೆಯಬಲ್ಲದು.

ಕಟ್ಟುವ ಹಣ ಒಮ್ಮೆ ಸಿಗುತ್ತದೆ, ನೋಡಿಕೊಳ್ಳುವ ಹಣ ವರ್ಷವರ್ಷವೂ ಬೇಕು. ಆದ್ದರಿಂದ ಜೊಂಡು ಕತ್ತರಿಸುವವರು, ಕೆಸರು ತೆಗೆಸುವವರು, ಹೊರಬರುವ ನೀರನ್ನು ಪರೀಕ್ಷಿಸುವವರು ಯಾರು, ಅವರ ಸಂಬಳ ಎಲ್ಲಿಂದ ಎಂಬುದು ಬರಹದಲ್ಲಿ ಇಲ್ಲದ ಯಾವ ಯೋಜನೆಗೂ ಅನುಮೋದನೆ ಕೊಡಬಾರದೆಂದೂ, ಪರೀಕ್ಷೆಯ ಫಲಿತಾಂಶವನ್ನು ಊರವರೆಲ್ಲ ಓದುವಂತೆ ಸಾರ್ವಜನಿಕ ಫಲಕದಲ್ಲಿ ಹಾಕಬೇಕೆಂದೂ ಸಂಬಂಧಪಟ್ಟವರನ್ನು ಒತ್ತಾಯಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ