ನಾಳೆ ಹೊರಡುವ ಮಗಳಿಗೆ

ಪುಟ್ಟೀ,

ನೀನು ಬಾಗಿಲು ಹಾಕಿಕೊಂಡ ರಭಸ ನೋಡಿ ಮತ್ತೆ ಮೆಟ್ಟಿಲು ಹತ್ತುವ ಧೈರ್ಯ ಬರಲಿಲ್ಲ. ಇದನ್ನು ಬರೆದು ನಿನ್ನ ಶೂ ಬ್ಯಾಗಿನಲ್ಲಿ ಇಡುತ್ತಿದ್ದೇನೆ. ಕಾಲೇಜು ತಲುಪಿದ ಮೇಲೆ ಓದು.

ಸ್ಕಾಲರ್‌ಶಿಪ್ ಇಲ್ಲದೆ, ಟ್ರಯಲ್ಸ್ ಕೊಟ್ಟು ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಟೀಮ್ ಸೇರುತ್ತೇನೆ ಅಂತೀಯ. ಏನು ಕೇಳಿದರೂ ಕೋಚ್ ನಟಾಲಿ ನಕಾಸೆ ಹೆಸರು. ಹೌದು, ಅವರೂ ಯುಸಿಎಲ್‌ಎ ವಿಶ್ವವಿದ್ಯಾಲಯದ ತಂಡಕ್ಕೆ ಹಾಗೇ ಸೇರಿ ಕ್ಯಾಪ್ಟನ್ ಆದರು. ಆಮೇಲೆ ಕ್ಲಿಪರ್ಸ್ ಅನ್ನೋ ಗಂಡಸರ ತಂಡದ ವಿಡಿಯೊ ಕೋಣೆಯಲ್ಲಿ ಕೂತು ಕೆಳಗಿನಿಂದ ಶುರು ಮಾಡಿದ್ದನ್ನು ಮಾತ್ರ ನೀನು ಹೇಳುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಮಹಿಳಾ ಲೀಗ್ ಡಬ್ಲ್ಯುಎನ್‌ಬಿಎಗೆ ಹೊಸದಾಗಿ ಬಂದ ವಾಲ್ಕಿರೀಸ್ ತಂಡ ಅವರನ್ನು ಕೋಚ್ ಆಗಿ ನೇಮಿಸಿಕೊಂಡಾಗ ತಂಡಕ್ಕೆ ಹೆಸರಿತ್ತು, ನೇರಳೆ ಬಣ್ಣವಿತ್ತು, ಸೀಸನ್ ಟಿಕೆಟ್ಟಿಗೆ ಮುಂಗಡ ಕೊಟ್ಟ ಸಾವಿರಾರು ಜನರಿದ್ದರು. ಆಟಗಾರ್ತಿಯರೇ ಇರಲಿಲ್ಲ! ಡಿಸೆಂಬರ್‌ನಲ್ಲಿ ಲೀಗಿನ ಹಳೇ ತಂಡಗಳು ತಲಾ 6 ಜನರನ್ನು ಉಳಿಸಿಕೊಂಡವು. ಮಿಕ್ಕವರಲ್ಲಿ 11 ಜನರನ್ನು ಇವರು ಆರಿಸಿಕೊಂಡರು. ವೆರೊನಿಕಾ ಬರ್ಟನ್ ಹಾಗೆ ಬಂದವಳೇ. ಮೊದಲ ವರ್ಷವೇ ಪ್ಲೇಆಫ್, ಡಬ್ಲ್ಯುಎನ್‌ಬಿಎಯಲ್ಲಿ ಅದುವರೆಗೆ ಬೇರೆ ಯಾವ ಹೊಸ ತಂಡಕ್ಕೂ ಆಗದ್ದು. ಊಟದ ಹೊತ್ತಲ್ಲಿ ನೀನೇ ಬಾಯಿಪಾಠ ಮಾಡಿಸಿದ್ದು.

ನನ್ನ ತಲೆಯಲ್ಲಿ ಕೂತಿರುವುದು ಕೇಲಾ ಥಾರ್ನ್‌ಟನ್ ಮಂಡಿ. ಆಲ್‌ಸ್ಟಾರ್ ಪಂದ್ಯಕ್ಕೆ, ಅಂದರೆ ಲೀಗಿನ ಆಯ್ದ ಆಟಗಾರ್ತಿಯರ ಪಂದ್ಯಕ್ಕೆ, ಆ ತಂಡದಿಂದ ಹೋದ ಮೊದಲಿಗಳು. 2025ರ ಜುಲೈನಲ್ಲಿ ಆ ಪಂದ್ಯ ಆಡಿ ಬಂದು ವಾರ ಕಳೆದಿರಲಿಲ್ಲ, ಬಲಮಂಡಿ ಹೋಯಿತು. ಪಂದ್ಯದಲ್ಲಿ ಯಾರೋ ಬಂದು ಗುದ್ದಿದ್ದೂ ಅಲ್ಲ. ಅಭ್ಯಾಸದಲ್ಲಿ! ಆಪರೇಷನ್ ಆಯಿತು, ಸೀಸನ್ ಮುಗಿಯಿತು. ಅವಳಿಗಾದರೆ ಸಂಬಳವಿದೆ, ತಂಡದ ಡಾಕ್ಟರ್ ಇದ್ದಾರೆ. ನಿನಗೆ?

ಸ್ಯಾನ್ ಹೋಸೆಯಲ್ಲಿ ವಾಲ್ಕಿರೀಸ್ ಸೋತು ಪ್ಲೇಆಫ್‌ನಿಂದ ಹೊರಬಿದ್ದ ಆ ರಾತ್ರಿ ಬಗ್ಗೆ ಏನೂ ಬರೆಯಲ್ಲ. 74–75, ಇಬ್ಬರಿಗೂ ಗೊತ್ತು. ಆದರೆ 17 ಅಂಕದ ಮುನ್ನಡೆ ಕರಗುತ್ತಿದ್ದಾಗ ನೀನು ಸ್ಕೋರ್‌ಬೋರ್ಡ್ ನೋಡುತ್ತಿದ್ದೆ, ನಾನು ಥಾರ್ನ್‌ಟನ್ ಇದ್ದಿದ್ದರೆ ಅಂತ ಲೆಕ್ಕ ಹಾಕುತ್ತಿದ್ದೆ. ಮತ್ತೆ ಅದೇ ಮಂಡಿಗೆ ಬಂದೆ, ನೋಡು.

ಅಭ್ಯಾಸಕ್ಕೆ ಮುಂಚೆ ಮೈ ಬಿಸಿ ಮಾಡಿಕೋ. ನೋವಾದರೆ ಮುಚ್ಚಿಡಬೇಡ. ರಾತ್ರಿ ನಿದ್ದೆಗೆಡಬೇಡ. ಮೊದಲ ಸೆಮಿಸ್ಟರ್ ಮಾರ್ಕ್ಸ್ ಬಿದ್ದರೆ... ಇರಲಿ, ಈಗ ಬೇಡ.

‘ಬಾಲ್ ತಟ್ಟಿದರೆ ಹೊಟ್ಟೆ ತುಂಬುತ್ತಾ’ ಅಂದದ್ದು ಜಾಸ್ತಿಯಾಯಿತು. ಆಫೀಸಿನಲ್ಲಿ ಎಲ್ಲರ ಹತ್ತಿರ ನಿನ್ನ ವಿಡಿಯೊ ತೋರಿಸುವವನೂ ನಾನೇ ಅಲ್ವಾ.

ಫೀಸ್ ಕಟ್ಟಿದ್ದೇನೆ. ಇನ್ಶೂರೆನ್ಸ್ ಕಾರ್ಡ್ ನಿನ್ನ ಪರ್ಸಿನಲ್ಲಿದೆ. ಟ್ರಯಲ್ಸ್ ಏನೇ ಆದರೂ ಮೊದಲು ಅಮ್ಮನಿಗೆ ಫೋನ್ ಮಾಡು. ಅವಳು ಸ್ಪೀಕರ್ ಹಾಕಿರುತ್ತಾಳೆ.

ಅಪ್ಪ