ಹಗಲಿನ ವಿದ್ಯುತ್ತಿಗೆ ಕಣಜ ಎಲ್ಲಿ?

ಮಾನ್ಯರೇ,

ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕ್ ಹೊತ್ತು ಮುಳುಗುತ್ತಲೇ ಕೈಚೆಲ್ಲುತ್ತದೆ. ಬೇಡಿಕೆ ಏರುವುದೂ ಆಗಲೇ. ಹಗಲಿನ ವಿದ್ಯುತ್ತನ್ನು ಇರುಳಿಗೆ ಉಳಿಸಲು ಸರ್ಕಾರ ಹಿಡಿದಿರುವ ದಾರಿ ಶರಾವತಿ ಪಂಪ್ಡ್ ಸ್ಟೋರೇಜ್: ಕೆಳಗಿನ ಗೇರುಸೊಪ್ಪ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತಿ, ಬೇಕೆಂದಾಗ ಇಳಿಸಿ 2,000 ಮೆಗಾವಾಟ್ ಪಡೆಯುವುದು. ಎತ್ತಲು ಸುರಿದ ವಿದ್ಯುತ್ತಿನಲ್ಲಿ ಸುಮಾರು ಐದನೇ ಒಂದು ಭಾಗ ಮರಳಿ ಬರುವುದೇ ಇಲ್ಲ. ಅದೂ ಹೋಗಲಿ, ಸುರಂಗ ತೋಡುವುದು ಸಿಂಗಳೀಕಗಳ ಅಭಯಾರಣ್ಯದಲ್ಲಿ!

ಇತ್ತ ಲಿಥಿಯಂ ಬ್ಯಾಟರಿಗಳ ಬೆಲೆ ಒಂದು ದಶಕದಲ್ಲಿ ಬಹಳಷ್ಟು ಇಳಿದಿದೆ. ಸೋಡಿಯಂ ಬ್ಯಾಟರಿಗಳೂ ಬಂದಿವೆ. ಇವನ್ನು ಕಂಟೇನರ್‌ಗಳಲ್ಲಿ ಸಬ್‌ಸ್ಟೇಷನ್ ಆವರಣದಲ್ಲೇ ಕೂರಿಸಬಹುದು, ಮರ ಕಡಿಯಬೇಕಿಲ್ಲ. ಬ್ಯಾಟರಿಗೆ ಆಯಸ್ಸು ಕಡಿಮೆ, ಬೆಂಕಿಯ ಭಯವೂ ಇದೆ, ನಿಜ. ಆದರೂ ಕಾಡಿಗೆ ಯಂತ್ರ ಇಳಿಸುವ ಮೊದಲು ಎರಡರ ಖರ್ಚುವೆಚ್ಚವನ್ನೂ ಇಂಧನ ಇಲಾಖೆ ಜನರ ಮುಂದಿಡಲಿ.

– ಓದುಗ, ಸಾಗರ